ಹೈಪರ್‌ಕಾರ್ಡ್‌ಗೆ ಬೀಗ ಬಿದ್ದದ್ದು ಹೇಗೆ? ಒಂದು ಪ್ರಕರಣ ಅಧ್ಯಯನ

1990ರ ದಶಕದ ಶುರುವಿನಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್ (ಮ್ಯಾಕ್) ಕಂಪ್ಯೂಟರನ್ನು ಹೊಸದಾಗಿ ಕೊಂಡವರಿಗೆ ಅದರ ಜೊತೆ ಹೈಪರ್‌ಕಾರ್ಡ್ ಎಂಬ ಸಾಫ್ಟ್‌ವೇರ್ ಕೂಡ ಬರುತ್ತಿತ್ತು. ತೆರೆದರೆ ಕಾರ್ಡುಗಳನ್ನು ಒಂದೊಂದಾಗಿ ನೋಡಬಹುದಿತ್ತು. ಅಲ್ಲಲ್ಲಿ ಟೈಪ್ ಮಾಡಬಹುದಿತ್ತು. ಅದಕ್ಕಿಂತ ಮುಂದೆ ಹೋಗಲು ದಾರಿ ಕಾಣುತ್ತಿರಲಿಲ್ಲ. ಆದರೆ ಒಳಗುಟ್ಟು ಗೊತ್ತಿದ್ದವರು ಹೋಮ್ ಎಂಬ ಸ್ಟ್ಯಾಕಿನ, ಅಂದರೆ ಕಾರ್ಡುಗಳ ಕಟ್ಟಿನ, ಪ್ರಿಫರೆನ್ಸಸ್ ಕಾರ್ಡಿಗೆ ಹೋಗುತ್ತಿದ್ದರು. ಆಜ್ಞೆ ಬರೆಯುವ ಮೆಸೇಜ್ ಬಾಕ್ಸಿನಲ್ಲಿ 'ಮ್ಯಾಜಿಕ್' ಎಂದು ಟೈಪ್ ಮಾಡಿ ರಿಟರ್ನ್ ಕೀ ಒತ್ತುತ್ತಿದ್ದರು. ಆಗ ಮರೆಮಾಡಿಟ್ಟಿದ್ದ ಬಟನ್‌ಗಳು ಕಾಣಿಸಿಕೊಳ್ಳುತ್ತಿದ್ದವು. ಚಿತ್ರ ಬರೆಯುವುದು, ಹೊಸ ಬಟನ್ ಇಡುವುದು, ಪ್ರೋಗ್ರಾಮ್ ಬರೆಯುವುದು ಎಲ್ಲವೂ ತೆರೆದುಕೊಳ್ಳುತ್ತಿತ್ತು.

ಅಂದರೆ ಪೂರ್ತಿ ಸಾಫ್ಟ್‌ವೇರ್ ಕೊಂಡವರ ಮನೆಯಲ್ಲೇ ಇತ್ತು. ಕಂಪನಿ ಅದರ ಅರ್ಧಕ್ಕೆ ಬೀಗ ಹಾಕಿ ಕಳಿಸಿತ್ತು. ಕೆಲವೇ ವರ್ಷಗಳ ಹಿಂದೆ ಇದೇ ಹೈಪರ್‌ಕಾರ್ಡ್ ಬೀಗವಿಲ್ಲದೆ, ಬಿಟ್ಟಿಯಾಗಿ ಬರುತ್ತಿತ್ತು. ಮಧ್ಯೆ ಏನಾಯಿತು? ಆ ಬೀಗದಿಂದ ಏನು ಹೋಯಿತು? ಆಮೇಲೆ ಬಂದ ಇದೇ ಜಾತಿಯ ಸಾಧನಗಳು ಯಾಕೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಎಡವಿದವು? ಈ ಪ್ರಕರಣದಲ್ಲಿ ನೋಡಬೇಕಾದದ್ದು ಇಷ್ಟು.

ಅದು ಇದ್ದ ಬಗೆ

ಹೈಪರ್‌ಕಾರ್ಡ್ ಕಟ್ಟಿದವರು ಬಿಲ್ ಅಟ್ಕಿನ್ಸನ್. 1978ರಲ್ಲಿ ಆಪಲ್ ಸೇರಿದವರು. ಮ್ಯಾಕ್ ಪರದೆಯ ಮೇಲೆ ಗೆರೆ, ಆಕಾರ, ಅಕ್ಷರ ಮೂಡಿಸುವ ಕ್ವಿಕ್‌ಡ್ರಾ ಅವರದು. ಮ್ಯಾಕ್‌ಪೇಂಟ್ ಕೂಡ ಅವರದೇ. ಅದಾದ ಮೇಲೆ ಮ್ಯಾಜಿಕ್ ಸ್ಲೇಟ್ ಎಂಬ ಸ್ಲೇಟಿನಂಥ ಕಂಪ್ಯೂಟರ್ ಮಾಡಬೇಕೆಂದು ಹೊರಟರು. ಕಂಪನಿ ಒಪ್ಪಲಿಲ್ಲ. ಆ ಬೇಸರದ ದಿನಗಳಲ್ಲಿ, 1985ರಲ್ಲಿ, ಎಲ್‌ಎಸ್‌ಡಿ ತೆಗೆದುಕೊಂಡು ಪಾರ್ಕಿನ ಬೆಂಚಿನ ಮೇಲೆ ಕಳೆದ ಒಂದು ರಾತ್ರಿ ಹೈಪರ್‌ಕಾರ್ಡಿನ ಯೋಚನೆ ಬಂತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮಾಹಿತಿಯನ್ನು ಒಂದಕ್ಕೊಂದು ಜೋಡಿಸುವ ಆಲೋಚನೆ ಹಳೆಯದೇ. ವ್ಯಾನೆವರ್ ಬುಷ್ 1945ರಲ್ಲೇ ಬರೆದಿದ್ದರು, ಡಗ್ಲಸ್ ಎಂಗಲ್‌ಬಾರ್ಟ್ 1968ರಲ್ಲಿ ಮಾಡಿ ತೋರಿಸಿದ್ದರು. ಆದರೆ ಅವೆಲ್ಲ ಲ್ಯಾಬುಗಳ ಮಾತು. ಅಂಗಡಿಯಲ್ಲಿ ಸಿಗುವ ಕಂಪ್ಯೂಟರಿನಲ್ಲಿ ಮಾಮೂಲಿ ಜನರ ಕೈಗೆ ಅದನ್ನು ಕೊಟ್ಟದ್ದು ಹೈಪರ್‌ಕಾರ್ಡ್.

ಮೊದಲು ಇಟ್ಟ ಹೆಸರು ವೈಲ್ಡ್‌ಕಾರ್ಡ್. ಟ್ರೇಡ್‌ಮಾರ್ಕ್ ತಕರಾರಿನಿಂದ ಬದಲಾಯಿಸಬೇಕಾಯಿತು. ಆದರೂ ಹೈಪರ್‌ಕಾರ್ಡ್ ಫೈಲುಗಳ ಒಳಗುರುತು ಕೊನೆಯವರೆಗೂ 'ವೈಲ್ಡ್' ಎಂಬ ನಾಲ್ಕು ಅಕ್ಷರಗಳೇ ಆಗಿ ಉಳಿಯಿತು.

ಒಳಗೆ ಹೇಗಿತ್ತು? ಮೂಲ ಘಟಕ ಕಾರ್ಡ್. ಮೊದಲ ಮ್ಯಾಕ್ ಪರದೆಯಷ್ಟೇ ಗಾತ್ರ: ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕಿ. ಕಪ್ಪು ಬಿಳುಪು. ಕಾರ್ಡುಗಳ ಕಟ್ಟಿಗೆ ಸ್ಟ್ಯಾಕ್ ಎಂದು ಹೆಸರು. ಹಲವು ಕಾರ್ಡುಗಳಿಗೆ ಒಂದೇ ಬ್ಯಾಕ್‌ಗ್ರೌಂಡ್ ಇರಬಹುದು. ರಸೀದಿ ಪುಸ್ತಕದ ಹಾಗೆ: ಅಂಗಡಿ ಹೆಸರು, ಗೆರೆಗಳು, 'ಮೊತ್ತ' ಎಂಬ ಪದ ಎಲ್ಲ ಹಾಳೆಯಲ್ಲೂ ಅಚ್ಚಾಗಿರುತ್ತದೆ, ನಾವು ಬರೆಯುವುದು ಮಾತ್ರ ಹಾಳೆಯಿಂದ ಹಾಳೆಗೆ ಬೇರೆ. ಬ್ಯಾಕ್‌ಗ್ರೌಂಡಿನಲ್ಲಿ ಒಂದು ಕಡೆ ಬದಲಾಯಿಸಿದರೆ ಅದನ್ನು ಬಳಸುವ ಎಲ್ಲ ಕಾರ್ಡುಗಳಲ್ಲೂ ಬದಲಾಗುತ್ತಿತ್ತು. ಡೇಟಾಬೇಸ್ ಎಂಬ ಮಾತನ್ನೇ ಎತ್ತದೆ ಜನ ಡೇಟಾಬೇಸ್ ಕಟ್ಟುತ್ತಿದ್ದರು.

ಕಾರ್ಡಿನ ಮೇಲೆ ಬರೆಯಲು ಫೀಲ್ಡ್, ಒತ್ತಲು ಬಟನ್. ಪ್ರತಿ ಬಟನ್ನಿಗೂ ಪ್ರತಿ ಫೀಲ್ಡಿಗೂ ತನ್ನದೇ ಪುಟ್ಟ ಪ್ರೋಗ್ರಾಮ್ ಇರಬಹುದಿತ್ತು. ಅದನ್ನು ಬರೆಯುವ ಭಾಷೆ ಹೈಪರ್‌ಟಾಕ್. ರೂಪಿಸಿದವರು ಡ್ಯಾನ್ ವಿಂಕ್ಲರ್. ಒಂದು ಬಟನ್ನಿನ ಸ್ಕ್ರಿಪ್ಟ್ ಹೀಗಿರುತ್ತಿತ್ತು:

ಆನ್ ಮೌಸ್‌ಅಪ್
  ವಿಷುಯಲ್ ಎಫೆಕ್ಟ್ ಡಿಸಾಲ್ವ್
  ಗೋ ಟು ನೆಕ್ಸ್ಟ್ ಕಾರ್ಡ್
ಎಂಡ್ ಮೌಸ್‌ಅಪ್

ಮೌಸ್ ಒತ್ತಿ ಬಿಟ್ಟಾಗ, ಈ ಕಾರ್ಡ್ ಕರಗಿದಂತೆ ತೋರಿಸಿ, ಮುಂದಿನದಕ್ಕೆ ಹೋಗು. ಇಷ್ಟೇ. ಬಟನ್ನಿನಲ್ಲಿ ಇದಕ್ಕೆ ಉತ್ತರ ಬರೆದಿಲ್ಲದಿದ್ದರೆ 'ಮೌಸ್‌ಅಪ್' ಎಂಬ ಸಂದೇಶ ಕಾರ್ಡಿಗೆ ಹೋಗುತ್ತಿತ್ತು. ಅಲ್ಲಿಯೂ ಇಲ್ಲದಿದ್ದರೆ ಬ್ಯಾಕ್‌ಗ್ರೌಂಡಿಗೆ, ಆಮೇಲೆ ಸ್ಟ್ಯಾಕಿಗೆ, ಆಮೇಲೆ ಹೋಮ್ ಸ್ಟ್ಯಾಕಿಗೆ, ಕೊನೆಗೆ ಹೈಪರ್‌ಕಾರ್ಡಿಗೆ. ಹತ್ತು ಬಟನ್ನಿಗೂ ಒಂದೇ ಕೆಲಸ ಬೇಕಾದರೆ ಸ್ಕ್ರಿಪ್ಟನ್ನು ಹತ್ತು ಸಲ ಬರೆಯಬೇಕಿಲ್ಲ, ಒಂದು ಮೆಟ್ಟಿಲು ಮೇಲೆ ಇಟ್ಟರೆ ಸಾಕು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಕಲಿಸುವ ವಿಷಯವನ್ನು ಶಾಲಾ ಮೇಷ್ಟರು ಹೆಸರು ಗೊತ್ತಿಲ್ಲದೆಯೇ ಬಳಸುತ್ತಿದ್ದರು.

ಹೈಪರ್‌ಟಾಕ್ ಮಾತನಾಡುವ ಇಂಗ್ಲಿಷಿನ ಹಾಗಿತ್ತು, ಅದಕ್ಕೇ ಜನಪ್ರಿಯವಾಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದು ಅರ್ಧ ನಿಜ ಅನ್ನಿಸುತ್ತದೆ. ಅಂಥ ಭಾಷೆ ಓದಲು ಸುಲಭ, ಬರೆಯಲು ಅಷ್ಟು ಸುಲಭವಲ್ಲ. ಯಾವ ವಾಕ್ಯ ಅದಕ್ಕೆ ಅರ್ಥವಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಊಹಿಸುತ್ತಾ ಕೂರಬೇಕಾಗುತ್ತದೆ. ಅಸಲಿ ಶಕ್ತಿ ಇದ್ದದ್ದು ಬೇರೆ ಎರಡು ಕಡೆ.

ಒಂದು, ಯಾರೋ ಮಾಡಿದ್ದನ್ನು ತೆರೆದು ನೋಡುವುದು. ಕಮಾಂಡ್ ಮತ್ತು ಆಪ್ಷನ್ ಕೀಗಳನ್ನು ಒಟ್ಟಿಗೆ ಹಿಡಿದರೆ ಕಾರ್ಡಿನ ಮೇಲಿರುವ ಬಟನ್‌ಗಳ ಗಡಿಗೆರೆಗಳೆಲ್ಲ ಕಾಣುತ್ತಿದ್ದವು. ಹಾಗೇ ಹಿಡಿದು ಒಂದರ ಮೇಲೆ ಕ್ಲಿಕ್ ಮಾಡಿದರೆ ಅದರ ಸ್ಕ್ರಿಪ್ಟ್ ತೆರೆದುಕೊಳ್ಳುತ್ತಿತ್ತು. ಇಷ್ಟವಾದ ಬಟನ್ನನ್ನು ಕಾಪಿ ಮಾಡಿ ತನ್ನ ಸ್ಟ್ಯಾಕಿಗೆ ಅಂಟಿಸಿದರೆ ಅದರ ಸ್ಕ್ರಿಪ್ಟೂ ಜೊತೆಗೇ ಬರುತ್ತಿತ್ತು. ಪ್ರೋಗ್ರಾಮ್ ಬರೆಯಲು ಬಾರದವರೂ ಕೆಲಸ ಮಾಡುವ ಪ್ರೋಗ್ರಾಮ್ ಜೋಡಿಸಿಕೊಳ್ಳುತ್ತಿದ್ದರು. ಆಮೇಲೆ ಅದರಲ್ಲಿ ಒಂದು ಪದ ಬದಲಾಯಿಸಿ ಏನಾಗುತ್ತದೆ ನೋಡುತ್ತಿದ್ದರು. ಕಲಿಕೆ ಶುರುವಾಗುತ್ತಿದ್ದದ್ದು ಅಲ್ಲಿಂದ.

ಎರಡು, ಐದು ಹಂತಗಳು. ಬ್ರೌಸಿಂಗ್, ಟೈಪಿಂಗ್, ಪೇಂಟಿಂಗ್, ಆಥರಿಂಗ್, ಸ್ಕ್ರಿಪ್ಟಿಂಗ್. ಬಳಸುವವರು ತಮಗೆ ಬೇಕಾದ ಹಂತವನ್ನು ಪ್ರಿಫರೆನ್ಸಸ್ ಕಾರ್ಡಿನಲ್ಲಿ ಆರಿಸಿಕೊಳ್ಳಬಹುದಿತ್ತು. ಮೊದಲನೆಯದರಲ್ಲಿ ಸುಮ್ನೆ ನೋಡುವುದು. ಐದನೆಯದರಲ್ಲಿ ಪ್ರೋಗ್ರಾಮ್ ಬರೆಯುವುದು. ಹೊಸಬರು ಕೈತಪ್ಪಿ ಏನನ್ನೋ ಹಾಳು ಮಾಡಿಕೊಳ್ಳದಿರಲಿ ಎಂದು ಮಾಡಿದ ವ್ಯವಸ್ಥೆ ಅದು. ಮುಂದೆ ಬೀಗ ಬಿದ್ದದ್ದು ಇದೇ ಹಂತಗಳ ಮಧ್ಯೆ. ಹೊಸದಾಗಿ ಏನನ್ನೂ ಕಟ್ಟುವ ಅಗತ್ಯವೇ ಇರಲಿಲ್ಲ. ಎರಡನೆಯ ಹಂತಕ್ಕಿಂತ ಮೇಲಿನ ಬಟನ್‌ಗಳನ್ನು ಮುಚ್ಚಿದರೆ ಮುಗಿಯಿತು.

ಇನ್ನೊಂದು ಸಣ್ಣ ವಿಷಯ. ಹೈಪರ್‌ಕಾರ್ಡಿನಲ್ಲಿ 'ಸೇವ್' ಆಜ್ಞೆಯೇ ಇರಲಿಲ್ಲ. ಮಾಡಿದ್ದೆಲ್ಲ ತಾನಾಗಿ ಉಳಿಯುತ್ತಿತ್ತು. ಇವತ್ತು ಫೋನಿನಲ್ಲಿ ಎಲ್ಲವೂ ಹಾಗೇ ಅಲ್ವಾ? ಆಗ ಅದು ಕೆಲವರಿಗೆ ಗಾಬರಿ ಹುಟ್ಟಿಸಿತ್ತು.

ಒಂದು ಷರತ್ತು

ಸಾಫ್ಟ್‌ವೇರನ್ನು ಆಪಲ್‌ಗೆ ಕೊಡುವಾಗ ಅಟ್ಕಿನ್ಸನ್ ಒಂದು ಷರತ್ತು ಹಾಕಿದರು. ಪ್ರತಿ ಹೊಸ ಮ್ಯಾಕಿನ ಜೊತೆಗೂ ಇದನ್ನು ಬಿಟ್ಟಿ ಕೊಡಬೇಕು. ಕಂಪನಿ ಒಪ್ಪಿತು. 1987ರ ಆಗಸ್ಟ್‌ನಲ್ಲಿ ಬಾಸ್ಟನ್ನಿನ ಮ್ಯಾಕ್‌ವರ್ಲ್ಡ್ ಪ್ರದರ್ಶನದಲ್ಲಿ ಹೈಪರ್‌ಕಾರ್ಡ್ ಹೊರಬಂತು. ಆಗಲೇ ಮ್ಯಾಕ್ ಇದ್ದವರಿಗೆ 49.95 ಡಾಲರ್. ಆ ಕಾಲದಲ್ಲಿ ಒಂದು ಒಳ್ಳೆಯ ವರ್ಡ್ ಪ್ರೊಸೆಸರಿಗೆ ಇದರ ಎಷ್ಟೋ ಪಟ್ಟು ಬೆಲೆಯಿತ್ತು.

ಅಲ್ಲಿಂದ ಹರಡಿದ್ದು ಜೋರಾಗಿ. ಶಾಲಾ ಶಿಕ್ಷಕರು ಪಾಠ ಮಾಡಿದರು. ಲೈಬ್ರರಿಯವರು ಕ್ಯಾಟಲಾಗ್ ಮಾಡಿದರು. ಬರ್ಕ್ಲಿಯ ಬಿಎಂಯುಜಿಯಂಥ ಬಳಕೆದಾರರ ಕೂಟಗಳ ಮೂಲಕ ಸ್ಟ್ಯಾಕುಗಳು ಫ್ಲಾಪಿಯಿಂದ ಫ್ಲಾಪಿಗೆ ಓಡಾಡಿದವು. ವಾಯೇಜರ್ ಕಂಪನಿ 1989ರಲ್ಲಿ ಬೀಥೋವನ್‌ನ ಒಂಬತ್ತನೆಯ ಸಿಂಫನಿಯ ಸಿಡಿಯ ಜೊತೆ ಒಂದು ಸ್ಟ್ಯಾಕ್ ಕೊಟ್ಟಿತು. ಸಂಗೀತ ನುಡಿಯುತ್ತಿದ್ದಂತೆ ಆಯಾ ಭಾಗದ ವಿವರಣೆ ಪರದೆ ಮೇಲೆ ಬರುತ್ತಿತ್ತು. ಬರೆದವರು ಸಂಗೀತದ ಪ್ರೊಫೆಸರ್ ರಾಬರ್ಟ್ ವಿಂಟರ್. ಟೆಕ್‌ಟ್ರಾನಿಕ್ಸ್‌ನಲ್ಲಿದ್ದ ವಾರ್ಡ್ ಕನ್ನಿಂಗ್‌ಹ್ಯಾಮ್ ತಮ್ಮ ಕಂಪನಿಯಲ್ಲಿ ಯಾರ ಬಳಿ ಯಾವ ಐಡಿಯಾ ಇದೆ ಎಂದು ಹುಡುಕಲು ಒಂದು ಸ್ಟ್ಯಾಕ್ ಮಾಡಿದರು. ಇಲ್ಲದ ಕಾರ್ಡಿಗೆ ಲಿಂಕ್ ಕೊಟ್ಟರೆ ಆ ಕಾರ್ಡ್ ಅಲ್ಲೇ ಹುಟ್ಟುತ್ತಿತ್ತು. ಇವರ ಮಾತಿಗೆ ಮತ್ತೆ ಬರುತ್ತೇನೆ.

ಈ ಷರತ್ತೇ ಹೈಪರ್‌ಕಾರ್ಡಿನ ಜೀವ. ಅದಕ್ಕೆ ದಿಕ್ಕಿಲ್ಲದಂತೆ ಮಾಡಿದ್ದೂ ಇದೇ ಷರತ್ತು. ಬಿಟ್ಟಿ ಕೊಟ್ಟ ಸಾಫ್ಟ್‌ವೇರಿಗೆ ಕಂಪನಿಯ ಲೆಕ್ಕದಲ್ಲಿ ಆದಾಯದ ಸಾಲು ಇರುವುದಿಲ್ಲ. ಮ್ಯಾಕ್ ಮಾರಾಟಕ್ಕೆ ಅದರಿಂದ ಎಷ್ಟು ಸಹಾಯವಾಯಿತು ಎಂದು ಅಳೆಯುವವರೂ ಇಲ್ಲ. ಖರ್ಚು ಮಾತ್ರ ಎದ್ದು ಕಾಣುತ್ತದೆ. ಮೇಲಾಗಿ ಇದು ಯಾವ ಜಾತಿಗೆ ಸೇರಿದ ಸಾಫ್ಟ್‌ವೇರ್ ಎಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಡೇಟಾಬೇಸೇ? ಚಿತ್ರ ಬರೆಯುವುದೇ? ಪ್ರೋಗ್ರಾಮಿಂಗ್ ಭಾಷೆಯೇ? ಎಲ್ಲವೂ ಹೌದು. ಅಂಗಡಿಯ ಯಾವ ಶೆಲ್ಫಿನಲ್ಲಿ ಇಡಬೇಕು ಎಂದು ಕೇಳಿದರೆ ಉತ್ತರವಿಲ್ಲ.

ಕ್ಲಾರಿಸ್ ಕೈಗೆ

ಆಪಲ್ 1987ರಲ್ಲಿ ಕ್ಲಾರಿಸ್ ಎಂಬ ಅಂಗಸಂಸ್ಥೆ ಶುರು ಮಾಡಿತ್ತು. ಕಾರಣ ಇತ್ತು. ಮೊದಮೊದಲು ಮ್ಯಾಕಿನ ಜೊತೆ ಮ್ಯಾಕ್‌ರೈಟ್, ಮ್ಯಾಕ್‌ಪೇಂಟ್ ಬಿಟ್ಟಿ ಬರುತ್ತಿದ್ದವು. ಕಂಪ್ಯೂಟರ್ ಮಾಡುವವರೇ ಸಾಫ್ಟ್‌ವೇರ್ ಬಿಟ್ಟಿ ಕೊಟ್ಟರೆ ಹೊರಗಿನವರು ಯಾಕಾದರೂ ಬರೆದು ಮಾರಬೇಕು ಎಂಬ ಆಕ್ಷೇಪ ಬಂತು. ಹಾಗಾಗಿ ಇವನ್ನೆಲ್ಲ ಬೇರೆ ಕಂಪನಿಗೆ ವಹಿಸಿ ದುಡ್ಡಿಗೆ ಮಾರುವುದು ಎಂದಾಯಿತು. ಅದೊಂದು ಕೆಟ್ಟ ಯೋಚನೆ ಅಂತ ನಾನು ಹೇಳಲಾರೆ. ವರ್ಡ್ ಪ್ರೊಸೆಸರಿಗೆ ಅದು ಸರಿಯೇ. ತಪ್ಪಾದದ್ದು ಅದೇ ನಿಯಮವನ್ನು 1990ರ ಸುಮಾರಿಗೆ ಹೈಪರ್‌ಕಾರ್ಡಿಗೂ ಹಚ್ಚಿದ್ದು.

ಅದೇ ವರ್ಷ ಹೈಪರ್‌ಕಾರ್ಡ್ 2.0 ಬಂದಿತ್ತು. ಒಳ್ಳೆಯ ಆವೃತ್ತಿ. ಒಂದೇ ಸಲ ಹಲವು ಸ್ಟ್ಯಾಕ್ ತೆರೆಯಬಹುದು, ಕಾರ್ಡಿನ ಗಾತ್ರ ಬೇಕಾದಂತೆ ಇಟ್ಟುಕೊಳ್ಳಬಹುದು, ಸ್ಕ್ರಿಪ್ಟಿನ ತಪ್ಪು ಹುಡುಕಲು ಡೀಬಗ್ಗರ್ ಕೂಡ ಇತ್ತು. ಕೆಲಸ ಮುನ್ನಡೆಸಿದವರು ಕೆವಿನ್ ಕಾಲ್ಹೂನ್. ಆದರೆ ಕ್ಲಾರಿಸ್‌ಗೆ ವರ್ಗಾವಣೆ ಎಂದಾಗ ತಂಡದ ಅನೇಕರು ಆಪಲ್‌ನಲ್ಲೇ ಉಳಿದರು. ತಂಡ ಒಡೆಯಿತು. ಅಟ್ಕಿನ್ಸನ್ ಅಷ್ಟರಲ್ಲಿ ಆಪಲ್ ಬಿಟ್ಟು, 1990ರಲ್ಲಿ ಜನರಲ್ ಮ್ಯಾಜಿಕ್ ಕಂಪನಿ ಶುರು ಮಾಡಿದವರ ಜೊತೆ ಸೇರಿದ್ದರು. ಷರತ್ತು ಹಾಕಿದವರೇ ಮನೆಯಲ್ಲಿಲ್ಲ ಎಂದ ಮೇಲೆ ಷರತ್ತು ಕೇಳುವವರು ಯಾರು?

ಕ್ಲಾರಿಸ್‌ನ ಲೆಕ್ಕ ಸರಳವಾಗಿತ್ತು. ಓದುವುದು ಬಿಟ್ಟಿ, ಬರೆಯುವುದಕ್ಕೆ ದುಡ್ಡು. ಮ್ಯಾಕಿನ ಜೊತೆ ಬರುವ ಪ್ರತಿಯಲ್ಲಿ ಮೇಲಿನ ಹಂತಗಳನ್ನು ಮುಚ್ಚಿದರು. ಪೂರ್ತಿ ಬೇಕಾದವರು ಕೊಳ್ಳಬೇಕು. ಶುರುವಿನಲ್ಲಿ ಹೇಳಿದ 'ಮ್ಯಾಜಿಕ್' ಪದ ಈ ಮೊದಲ ಬೀಗಕ್ಕೆ ಯಾರೋ ಒಳಗಿನವರೇ ಬಿಟ್ಟಿದ್ದ ಕೀಲಿ. ಅದು ಬಾಯಿಂದ ಬಾಯಿಗೆ ಹರಡಿ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಾದ ಮೇಲೆ ಹೈಪರ್‌ಕಾರ್ಡ್ ಪ್ಲೇಯರ್ ಎಂಬ ಬೇರೆಯೇ ಸಾಫ್ಟ್‌ವೇರ್ ಮಾಡಿದರು. ಅದರಲ್ಲಿ ತೆರೆಯಲು ಏನೂ ಇರಲಿಲ್ಲ.

ಜನ ಬೈದರು. ಇಷ್ಟು ವರ್ಷ ಕಂಪ್ಯೂಟರಿನ ಭಾಗವೇ ಆಗಿದ್ದದ್ದಕ್ಕೆ ಈಗ ದುಡ್ಡು ಕೊಡಬೇಕೇ ಎಂಬ ಸಿಟ್ಟು. ಆದರೆ ದುಡ್ಡಿನ ಸಿಟ್ಟು ಮೇಲುಮೇಲಿನದು. ನಿಜವಾದ ನಷ್ಟ ದೂರು ಕೊಡದವರದು. ಹೈಪರ್‌ಕಾರ್ಡ್ ಕೊಳ್ಳಬೇಕು ಎಂದು ನಿರ್ಧರಿಸಲು ತಾನು ಏನೋ ಮಾಡಬಲ್ಲೆ ಎಂದು ಮೊದಲೇ ಗೊತ್ತಿರಬೇಕು. ಹಳೆಯ ವ್ಯವಸ್ಥೆಯಲ್ಲಿ ಹಾಗಿರಲಿಲ್ಲ. ವಿಳಾಸದ ಸ್ಟ್ಯಾಕ್ ಬಳಸುತ್ತಿದ್ದ ಗುಮಾಸ್ತೆಗೆ ಒಂದು ದಿನ 'ಹುಟ್ಟುಹಬ್ಬ' ಎಂಬ ಫೀಲ್ಡ್ ಬೇಕು ಅನ್ನಿಸುತ್ತದೆ. ಹಂತ ಬದಲಾಯಿಸಿ ಸೇರಿಸಿಕೊಳ್ಳುತ್ತಾಳೆ. ಮುಂದಿನ ವಾರ ಅದನ್ನು ಹುಡುಕುವ ಬಟನ್ ಬೇಕು ಅನ್ನಿಸುತ್ತದೆ. ಹೀಗೆ ಯೋಚಿಸದೆಯೇ ಪ್ರೋಗ್ರಾಮರ್ ಆಗುತ್ತಿದ್ದವರಿಗೆ ಪ್ಲೇಯರ್ ಅಡ್ಡ ನಿಂತಿತು. ಅವರು ಬೇಕು ಎಂದು ಕೇಳಿಕೊಂಡು ಬರುವ ಗಿರಾಕಿಗಳೇ ಅಲ್ಲ. ಬಂದಿಲ್ಲ ಎಂದು ಯಾವ ಮಾರಾಟದ ವರದಿಯಲ್ಲೂ ಕಾಣುವವರಲ್ಲ.

ಕೆಲವು ವರ್ಷಗಳಲ್ಲಿ ಹೈಪರ್‌ಕಾರ್ಡ್ ಮತ್ತೆ ಆಪಲ್ ಕೈಗೆ ಬಂತು. 2.2 ಆವೃತ್ತಿಯಲ್ಲಿ ಹೈಪರ್‌ಟಾಕ್ ಬದಲು ಆಪಲ್‌ಸ್ಕ್ರಿಪ್ಟ್ ಎಂಬ ಆಪಲ್‌ನ ಇನ್ನೊಂದು ಭಾಷೆಯಲ್ಲೂ ಬರೆಯುವ ಸೌಲಭ್ಯ ಬಂತು. ಆದರೆ ಓದುವ ಪ್ರತಿ ಬೇರೆ, ಬರೆಯುವ ಪ್ರತಿ ಬೇರೆ ಎಂಬ ಏರ್ಪಾಡು ಹಾಗೇ ಉಳಿಯಿತು.

ಬಣ್ಣದ ಕೊರತೆ, ಮಿಸ್ಟ್‌ನ ಗೆಲುವು

ಬಣ್ಣ ಇರಲಿಲ್ಲ ಎಂಬ ದೂರು ಬಹಳ ಹಳೆಯದು, ನ್ಯಾಯವಾದದ್ದೂ ಹೌದು. ಬಣ್ಣ ತೋರಿಸಬಲ್ಲ ಮ್ಯಾಕಿಂಟಾಷ್ ಟು ಬಂದದ್ದು ಹೈಪರ್‌ಕಾರ್ಡ್ ಬಂದ ವರ್ಷವೇ. ಆದರೂ ಹೈಪರ್‌ಕಾರ್ಡಿಗೆ ಬಣ್ಣ ಕೊನೆಯವರೆಗೂ ಹೊರಗಿನಿಂದ ಸೇರಿಸಿದ ಪರಿಕರವಾಗಿಯೇ ಉಳಿಯಿತು. 1989ರಲ್ಲೇ ಸಿಲಿಕಾನ್ ಬೀಚ್ ಕಂಪನಿಯ ಸೂಪರ್‌ಕಾರ್ಡ್ ಬಣ್ಣದೊಂದಿಗೆ ಬಂದಿತ್ತು.

ಅಂಥ ಕೊರತೆಯನ್ನು ಜನ ದಾಟಿದ ರೀತಿ ನೋಡಬೇಕು. ಹೈಪರ್‌ಟಾಕಿಗೆ ಬಾರದ ಕೆಲಸವನ್ನು ಸಿ ಅಥವಾ ಪ್ಯಾಸ್ಕಲ್‌ನಲ್ಲಿ ಬರೆದು ಸ್ಟ್ಯಾಕಿಗೆ ಸೇರಿಸಬಹುದಿತ್ತು. ಅವುಗಳಿಗೆ ಎಕ್ಸ್‌ಕಮಾಂಡ್ ಎಂದು ಕರೆಯುತ್ತಿದ್ದರು. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಕಡೆಯ ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸಹೋದರರು 1988ರಲ್ಲಿ ಮ್ಯಾನ್‌ಹೋಲ್ ಎಂಬ ಮಕ್ಕಳ ಆಟವನ್ನು ಕಪ್ಪು ಬಿಳುಪಿನ ಸ್ಟ್ಯಾಕಾಗಿಯೇ ಮಾಡಿದ್ದರು. 1993ರಲ್ಲಿ ಅವರ ಸಯಾನ್ ಕಂಪನಿ ಮಿಸ್ಟ್ ಎಂಬ ಆಟ ತಂದಿತು. ಸುಮಾರು 2,500 ಬಣ್ಣದ ಚಿತ್ರಗಳು. ಒಂದೊಂದು ಲೋಕಕ್ಕೂ ಒಂದೊಂದು ಸ್ಟ್ಯಾಕ್. ಬಣ್ಣಕ್ಕೂ ವಿಡಿಯೊಗೂ ಎಕ್ಸ್‌ಕಮಾಂಡುಗಳು. ಒಂದು ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಇನ್ನೊಂದು ಚಿತ್ರ: ಅದು ಮೂಲತಃ 'ಗೋ ಟು ಕಾರ್ಡ್' ಅಷ್ಟೇ. 2002ರಲ್ಲಿ ಸಿಮ್ಸ್ ಆಟ ಮೀರಿಸುವ ತನಕ ಕಂಪ್ಯೂಟರ್ ಆಟಗಳಲ್ಲಿ ಅತಿ ಹೆಚ್ಚು ಮಾರಾಟವಾದ ದಾಖಲೆ ಮಿಸ್ಟ್‌ನದೇ ಆಗಿತ್ತು. 60 ಲಕ್ಷಕ್ಕೂ ಜಾಸ್ತಿ ಪ್ರತಿ ಹೋಗಿವೆ.

ಹೈಪರ್‌ಕಾರ್ಡಿನ ಪರ ವಾದಿಸುವವರು ಮಿಸ್ಟ್ ಹೆಸರನ್ನು ತಪ್ಪದೆ ಎತ್ತುತ್ತಾರೆ. ನನಗೆ ಅದು ಅಷ್ಟು ಒಳ್ಳೆಯ ಸಾಕ್ಷಿ ಅನ್ನಿಸುವುದಿಲ್ಲ. ಮಿಸ್ಟ್ ಆಡಿದವರಿಗೆ ಒಳಗೆ ಕಾರ್ಡುಗಳಿವೆ ಎಂಬ ಸುಳಿವೂ ಇರಲಿಲ್ಲ. ಅದನ್ನು ತೆರೆದು ಬದಲಾಯಿಸಿದವರೂ ವಿರಳ. ನುರಿತವರು ಹೈಪರ್‌ಕಾರ್ಡಿನಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅದು ಉದಾಹರಣೆ. ಹೈಪರ್‌ಕಾರ್ಡಿಗೇ ವಿಶೇಷವಾದದ್ದು ಗುಮಾಸ್ತೆಯ ವಿಳಾಸ ಪುಸ್ತಕದಲ್ಲಿತ್ತು.

ಜಾಲ ಇರಲಿಲ್ಲ ಎಂಬ ವಾದ

ಹೈಪರ್‌ಕಾರ್ಡ್ ಸೋತದ್ದಕ್ಕೆ ಎಲ್ಲರೂ ಕೊಡುವ ಕಾರಣ: ಅದು ಒಂದೇ ಕಂಪ್ಯೂಟರಿನೊಳಗೆ ಉಳಿಯಿತು, ವೆಬ್ ಜಗತ್ತನ್ನೇ ಜೋಡಿಸಿತು. ಅಟ್ಕಿನ್ಸನ್ ಕೂಡ 2002ರ ಒಂದು ಸಂದರ್ಶನದಲ್ಲಿ ಈ ಅರ್ಥದ ಮಾತು ಹೇಳಿದ್ದಾರೆ. ತಾನು ಬೆಳೆದದ್ದು ಪೆಟ್ಟಿಗೆಯನ್ನು ಮಾರುವ ಕಂಪನಿಯಲ್ಲಿ, ನೆಟ್‌ವರ್ಕನ್ನೇ ಉಸಿರಾಡುವ ಕಂಪನಿಯಲ್ಲಿ ಬೆಳೆದಿದ್ದರೆ ಹೈಪರ್‌ಕಾರ್ಡೇ ಮೊದಲ ವೆಬ್ ಬ್ರೌಸರ್ ಆಗಬಹುದಿತ್ತು ಎಂದು.

ಅದಕ್ಕೆ ಪುಷ್ಟಿ ಕೊಡುವ ಸಂಗತಿಗಳಿವೆ. ಬರ್ಕ್ಲಿಯ ವಿದ್ಯಾರ್ಥಿ ಪೇ-ಯುವಾನ್ ವೇ ಹೈಪರ್‌ಕಾರ್ಡ್ ಮೆಚ್ಚಿ, ಯುನಿಕ್ಸ್ ಕಂಪ್ಯೂಟರುಗಳಿಗೆ ಅಂಥದ್ದೇ ಒಂದನ್ನು ಮಾಡಹೊರಟರು. ಅದಕ್ಕೆ ವಯೋಲಾ ಎಂದು ಹೆಸರು. 1992ರಲ್ಲಿ ಅದು ವಯೋಲಾ ಡಬ್ಲ್ಯುಡಬ್ಲ್ಯುಡಬ್ಲ್ಯು ಎಂಬ ಬ್ರೌಸರ್ ಆಯಿತು. ವೆಬ್ಬನ್ನು ಜನಪ್ರಿಯಗೊಳಿಸಿದ ಮೊಸಾಯಿಕ್ ಎಂಬ ಬ್ರೌಸರಿಗಿಂತ ಮೊದಲಿನದು. ಬ್ರೆಂಡನ್ ಐಕ್ 1995ರಲ್ಲಿ ವೆಬ್ ಪುಟಗಳಿಗೆ ಪ್ರೋಗ್ರಾಮ್ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆ ಮಾಡಿದಾಗ 'ಆನ್‌ಕ್ಲಿಕ್' ಥರದ ಹೆಸರುಗಳಿಗೆ ಹೈಪರ್‌ಟಾಕಿನ 'ಆನ್ ಮೌಸ್‌ಅಪ್' ಪ್ರೇರಣೆ ಎಂದು ಹೇಳಿದ್ದಾರೆ. ಅಂದರೆ ವೆಬ್‌ಗೂ ಹೈಪರ್‌ಕಾರ್ಡಿಗೂ ನೆಂಟಸ್ತಿಕೆ ಇದ್ದೇ ಇದೆ.

ಆದರೂ ಈ ವಾದ ಪೂರ್ತಿ ಒಪ್ಪಲು ಕಷ್ಟ. 1996ರ ಡೆವಲಪರ್ ಸಮ್ಮೇಳನದಲ್ಲಿ ಆಪಲ್ ಹೈಪರ್‌ಕಾರ್ಡ್ 3.0 ತೋರಿಸಿತ್ತು. ಸ್ಟ್ಯಾಕುಗಳನ್ನು ಕ್ವಿಕ್‌ಟೈಮ್ ಎಂಬ ಆಪಲ್‌ನದೇ ವಿಡಿಯೊ ತಂತ್ರದ ಫೈಲುಗಳ ಒಳಗೆ ಇಡುವುದು, ಕ್ವಿಕ್‌ಟೈಮ್ ಓಡುವ ಬ್ರೌಸರಿನಲ್ಲೆಲ್ಲ ಸ್ಟ್ಯಾಕ್ ಓಡುವುದು. ಬಣ್ಣವೂ ಇತ್ತು, ಜಾಲವೂ ಇತ್ತು. ಅದು ಹೊರಬರಲೇ ಇಲ್ಲ. ಕಂಪನಿಗೆ ಆಗ ದುಡ್ಡಿನ ಮುಗ್ಗಟ್ಟು, ಸಾಲುಸಾಲಾಗಿ ಯೋಜನೆಗಳನ್ನು ಕೈಬಿಡುತ್ತಿದ್ದ ಕಾಲ. ಬಳಸುವವರ ಹೊಸ ಪೀಳಿಗೆ ಬೆಳೆದಿದ್ದರೆ ಉಳಿಸಿ ಎಂದು ಒತ್ತಾಯಿಸುವವರ ದನಿ ಜೋರಾಗಿರುತ್ತಿತ್ತು. ಪ್ಲೇಯರ್ ಬಂದ ಮೇಲೆ ಆ ಪೀಳಿಗೆ ಬೆಳೆದಿರಲೇ ಇಲ್ಲ.

1998ರ 2.4 ಕೊನೆಯ ದೊಡ್ಡ ಆವೃತ್ತಿ. ಮ್ಯಾಕ್ ಒಎಸ್ ಟೆನ್‌ಗೆ ಅದನ್ನು ತರಲಿಲ್ಲ. ಕ್ಲಾಸಿಕ್ ಎಂಬ ಹಳೆಯ ಪರಿಸರದೊಳಗೆ ಓಡುತ್ತಿತ್ತು. 2004ರ ಮಾರ್ಚ್‌ನಲ್ಲಿ ಮಾರಾಟ ನಿಂತಿತು. ಇಂಟೆಲ್ ಮ್ಯಾಕುಗಳು ಬಂದಾಗ ಕ್ಲಾಸಿಕ್ಕೂ ಹೋಯಿತು.

ಒಂದು ಹೋಲಿಕೆ ಇಲ್ಲಿ ಬೇಕು. ಕ್ಲಾರಿಸ್ ಬಳಿ ಇದ್ದ ಇನ್ನೊಂದು ಸಾಫ್ಟ್‌ವೇರ್ ಫೈಲ್‌ಮೇಕರ್ ಇವತ್ತಿಗೂ ಮಾರಾಟದಲ್ಲಿದೆ. 1998ರಲ್ಲಿ ಕ್ಲಾರಿಸ್ ತನ್ನ ಹೆಸರನ್ನೇ ಫೈಲ್‌ಮೇಕರ್ ಎಂದು ಬದಲಾಯಿಸಿಕೊಂಡಿತು. ಅದು ಡೇಟಾಬೇಸ್ ಎಂದು ಎಲ್ಲರಿಗೂ ಗೊತ್ತು. ಬೆಲೆ ಇದೆ, ಶೆಲ್ಫ್ ಇದೆ, ಗಿರಾಕಿ ಇದ್ದಾರೆ. ಅದೇ ಕಂಪನಿ, ಅದೇ ಕಾಲ. ದುಡ್ಡಿಗೆ ಮಾರುವುದೇ ತಪ್ಪು ಎನ್ನಲು ಇದರಿಂದ ಸಾಧ್ಯವಿಲ್ಲ. ಕೊಳ್ಳುವ ಮುಂಚೆಯೇ ಅಗತ್ಯ ಗೊತ್ತಿರುವ ವಸ್ತು ಮಾರಾಟದಲ್ಲಿ ಉಳಿಯಿತು. ಬಳಸುತ್ತಾ ಬಳಸುತ್ತಾ ಅಗತ್ಯ ಹುಟ್ಟಿಸುವ ವಸ್ತು ಉಳಿಯಲಿಲ್ಲ.

ಆಮೇಲೆ ಬಂದವರು

ಹೈಪರ್‌ಕಾರ್ಡಿನ ಹಾಗೆ ಮಾಡುತ್ತೇವೆ ಎಂದು ಬಂದ ಸಾಧನಗಳ ಪಟ್ಟಿ ಉದ್ದ ಇದೆ. ಸೂಪರ್‌ಕಾರ್ಡ್ ಆಯಿತು. ಮೈಕ್ರೋಸಾಫ್ಟ್ ಸಹಸ್ಥಾಪಕ ಪಾಲ್ ಆಲೆನ್ ಅವರ ಅಸಿಮೆಟ್ರಿಕ್ಸ್ ಕಂಪನಿ ವಿಂಡೋಸ್‌ಗೆ ಟೂಲ್‌ಬುಕ್ ತಂದಿತು. ಶಾಲೆಗಳಿಗೆ ರೋಜರ್ ವ್ಯಾಗ್ನರ್ ಅವರ ಹೈಪರ್‌ಸ್ಟುಡಿಯೊ. ಇವುಗಳಲ್ಲಿ ಬಹಳಷ್ಟು ತಂತ್ರದಲ್ಲಿ ಹೈಪರ್‌ಕಾರ್ಡಿಗಿಂತ ಮುಂದೆ. ಆದರೆ ಎಲ್ಲವೂ ಕೊಳ್ಳಬೇಕಾದವು. ಸೃಷ್ಟಿಸುವವರು ಒಂದು ಕಡೆ, ನೋಡುವವರು ಇನ್ನೊಂದು ಕಡೆ ಎಂದು ಮೊದಲೇ ಗೆರೆ ಎಳೆದುಕೊಂಡು ಬಂದವು. 1991ರ ವಿಷುಯಲ್ ಬೇಸಿಕ್‌ನಲ್ಲೂ ಹಾಗೆಯೇ. ಫಾರಂ ಮೇಲೆ ಬಟನ್ ಇಡುವುದು, ಬಟನ್ನಿಗೆ ಕೋಡ್ ಬರೆಯುವುದು ಅಲ್ಲೂ ಇತ್ತು. ಬರೆದಾದ ಮೇಲೆ ಇಎಕ್ಸ್‌ಇ ಫೈಲ್ ಮಾಡಿ ಕೊಡುತ್ತಿದ್ದರು. ಬಳಸುವವರಿಗೆ ಒಳಗಿನದು ಕಾಣುತ್ತಿರಲಿಲ್ಲ. ನಮ್ಮ ಕಡೆ ಮ್ಯಾಕ್ ಅಂದರೆ ಹೆಚ್ಚಾಗಿ ಮುದ್ರಣ, ಜಾಹೀರಾತಿನವರ ಸಾಮಾನು. ಕಂಪ್ಯೂಟರ್ ಕ್ಲಾಸಿಗೆ ಹೋದವರು ಈ ವಂಶದಲ್ಲಿ ಮೊದಲು ಕಂಡದ್ದು ವಿಷುಯಲ್ ಬೇಸಿಕ್ಕನ್ನೇ. ಹಾಗಾಗಿ ಬಟನ್ ಇಡುವ ಖುಷಿ ನಮಗೆ ಗೊತ್ತು, ಬೇರೆಯವರ ಬಟನ್ ತೆರೆದು ನೋಡುವ ಖುಷಿ ಗೊತ್ತಾಗಲಿಲ್ಲ.

ಮೆಟಾಕಾರ್ಡಿನ ಕಥೆ ಹೆಚ್ಚು ಪಾಠದ್ದು. 1990ರ ದಶಕದ ಮೊದಲ ವರ್ಷಗಳಲ್ಲಿ ಸ್ಕಾಟ್ ರೇನಿ ಯುನಿಕ್ಸ್‌ಗಾಗಿ ಅದನ್ನು ಬರೆದರು. ಅದನ್ನು ಎಡಿನ್‌ಬರೋದ ಕಂಪನಿಯೊಂದು 2003ರಲ್ಲಿ ಕೊಂಡಿತು. ರೆವಲ್ಯೂಷನ್ ಎಂಬ ಹೆಸರಿನಿಂದ ಮಾರಿ, 2010ರಲ್ಲಿ ಲೈವ್‌ಕೋಡ್ ಎಂದು ಹೆಸರಿಟ್ಟಿತು. ಒಂದೇ ಸ್ಟ್ಯಾಕ್ ವಿಂಡೋಸ್, ಮ್ಯಾಕ್, ಲಿನಕ್ಸ್, ಆಮೇಲೆ ಫೋನ್‌ಗಳಲ್ಲೂ ಓಡುವಂತೆ ಮಾಡಿತು. 2013ರಲ್ಲಿ ಅದನ್ನು ಓಪನ್ ಸೋರ್ಸ್ ಮಾಡಲು, ಅಂದರೆ ಒಳಗಿನ ಕೋಡನ್ನು ಎಲ್ಲರಿಗೂ ಬಿಟ್ಟುಕೊಡಲು, ಜನರಿಂದ ದುಡ್ಡು ಸೇರಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 3,50,000 ಪೌಂಡ್ ಕೇಳಿದರು. ಅದಕ್ಕಿಂತ ಜಾಸ್ತಿಯೇ ಬಂತು. ಹೈಪರ್‌ಕಾರ್ಡಿನ ಹಳೆಯ ಅಭಿಮಾನಿಗಳಿಗೆ ಹಬ್ಬ. 2021ರಲ್ಲಿ ಓಪನ್ ಸೋರ್ಸ್ ಆವೃತ್ತಿ ನಿಲ್ಲಿಸಿದರು. ಬಿಟ್ಟಿ ಆವೃತ್ತಿ ಬಳಸುವವರು ದುಡ್ಡಿನ ಆವೃತ್ತಿಗೆ ಬರುತ್ತಿಲ್ಲ ಎಂಬ ಅದೇ ಹಳೆಯ ಲೆಕ್ಕ. ಮೂವತ್ತು ವರ್ಷದ ನಂತರ, ಬೇರೆ ದೇಶದಲ್ಲಿ, ಬೇರೆ ಕಂಪನಿ ಕ್ಲಾರಿಸ್ ನಿಂತಿದ್ದ ಜಾಗಕ್ಕೇ ಬಂದು ನಿಂತಿತು. ಅವರನ್ನು ದೂರಿ ಪ್ರಯೋಜನವಿಲ್ಲ. ಸಂಬಳ ಕೊಡಬೇಕಲ್ಲ.

ವೆಬ್ ಶುರುವಿನಲ್ಲಿ ಹೈಪರ್‌ಕಾರ್ಡಿನ ಒಂದು ಗುಣವನ್ನು ಗೊತ್ತಿಲ್ಲದೆಯೇ ಉಳಿಸಿಕೊಂಡಿತ್ತು. 'ವ್ಯೂ ಸೋರ್ಸ್' ಒತ್ತಿದರೆ ಪುಟದ ಒಳಗೆಲ್ಲ ಕಾಣುತ್ತಿತ್ತು. ಎಷ್ಟೋ ಜನ ಎಚ್‌ಟಿಎಂಎಲ್ ಕಲಿತದ್ದು ಹಾಗೇ. ಆದರೆ ನೋಡಬಹುದಿತ್ತೇ ಹೊರತು ಅಲ್ಲೇ ಬದಲಾಯಿಸಲು ಆಗುತ್ತಿರಲಿಲ್ಲ. ಕಾಪಿ ಮಾಡಿ ತನ್ನದೇ ಸರ್ವರಿಗೆ ಹಾಕಬೇಕು. ಆ ಒಂದು ಹೆಜ್ಜೆಯಲ್ಲೇ ಗುಮಾಸ್ತೆ ಹಿಂದೆ ಉಳಿದುಬಿಡುತ್ತಾಳೆ. ಇವತ್ತಿನ ಪುಟಗಳ ಸೋರ್ಸ್ ತೆರೆದರೆ ಕುಗ್ಗಿಸಿದ ಕೋಡಿನ ರಾಶಿ. ಬರೆದವರೇ ಓದಲಾರರು.

ಬದಲಾಯಿಸುವ ಸ್ವಾತಂತ್ರ್ಯವನ್ನು ವೆಬ್‌ಗೆ ತಂದವರು ಮೇಲೆ ಹೇಳಿದ ವಾರ್ಡ್ ಕನ್ನಿಂಗ್‌ಹ್ಯಾಮ್. ಟೆಕ್‌ಟ್ರಾನಿಕ್ಸ್‌ನ ಆ ಸ್ಟ್ಯಾಕಿನ ಗುಣವನ್ನೇ ಅವರು 1995ರಲ್ಲಿ ವೆಬ್ ಮೇಲೆ ಮಾಡಿದರು. ಓದುತ್ತಿರುವ ಪುಟದಲ್ಲೇ ತಿದ್ದುವ ಲಿಂಕ್. ಇಲ್ಲದ ಪುಟಕ್ಕೆ ಲಿಂಕ್ ಕೊಟ್ಟರೆ ಅದನ್ನು ಬರೆಯಲು ಆಹ್ವಾನ. ಅದಕ್ಕೆ ವಿಕಿ ಎಂದು ಹೆಸರಿಟ್ಟರು. ಕನ್ನಡ ವಿಕಿಪೀಡಿಯದಲ್ಲಿ ಇನ್ನೂ ಬರೆಯದ ಲೇಖನದ ಕೆಂಪು ಲಿಂಕ್ ಒತ್ತಿದವರೆಲ್ಲ ಆ ಹಳೆಯ ಸ್ಟ್ಯಾಕಿನ ನಡವಳಿಕೆಯನ್ನೇ ಕಂಡಿದ್ದಾರೆ. ಪ್ರೋಗ್ರಾಮಿಂಗ್ ಭಾಗ ಮಾತ್ರ ಅದರಲ್ಲಿ ಇಲ್ಲ. ಪಠ್ಯ ತಿದ್ದಬಹುದು, ಪುಟಕ್ಕೆ ಹೊಸ ನಡವಳಿಕೆ ಕೊಡಲು ಬೇರೆಯೇ ವಿದ್ಯೆ ಬೇಕು.

ಹೈಪರ್‌ಕಾರ್ಡ್ ಮಾರಾಟ ನಿಂತ 2004ರಲ್ಲೇ ಜೆರೆಮಿ ರಸ್ಟನ್ ಅವರ ಟಿಡ್ಲಿವಿಕಿ ಬಂತು. ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲ್. ತಿದ್ದುವ ಸಾಧನವೂ ಅದೇ ಫೈಲಿನೊಳಗೆ. ಸರ್ವರ್ ಬೇಡ. ಅದನ್ನು ಹೈಪರ್‌ಕಾರ್ಡಿನ ವಂಶಕ್ಕೆ ಸೇರಿಸುವವರು ಕಡಿಮೆ. ನನಗಂತೂ ಬಣ್ಣದ ಕಾರ್ಡು ತೋರಿಸುವ ಎಷ್ಟೋ ಸಾಧನಗಳಿಗಿಂತ ಇದೇ ಹತ್ತಿರದ ನೆಂಟ ಅನ್ನಿಸುತ್ತದೆ.

ಈಚೆಗೆ ಜಾನ್ ಅರ್ನೆಸ್ಟ್ ಅವರ ಡೆಕರ್ ಆ ದಾರಿಯನ್ನೇ ಹಿಡಿದಿದೆ. ನೋಡಲು ಪಕ್ಕಾ ಹೈಪರ್‌ಕಾರ್ಡ್: ಕಪ್ಪು ಬಿಳುಪಿನ ಕಾರ್ಡುಗಳು, ಬಟನ್, ಫೀಲ್ಡ್, ಚಿತ್ರ ಬರೆಯುವ ಸಾಧನಗಳು. ಭಾಷೆ ಮಾತ್ರ ಹೈಪರ್‌ಟಾಕ್ ಅಲ್ಲ, ಲಿಲ್ ಎಂಬ ಬೇರೆ ಭಾಷೆ. ಓಪನ್ ಸೋರ್ಸ್. ಮಾಡಿದ ಡೆಕ್ಕನ್ನು ಒಂದೇ ಎಚ್‌ಟಿಎಂಎಲ್ ಫೈಲಾಗಿ ಉಳಿಸಬಹುದು. ಆ ಫೈಲನ್ನು ಯಾರಿಗೆ ಕಳಿಸಿದರೂ ಅವರ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಜೊತೆಗೆ ಅದನ್ನು ಮಾಡಿದ ಸಾಧನವೂ ಪೂರ್ತಿಯಾಗಿ ಅದರೊಳಗೇ ಇರುತ್ತದೆ. ಮೆನುವಿನಿಂದ ಸಾಧನ ಬದಲಾಯಿಸಿಕೊಂಡು ಬಟನ್ನಿನ ಸ್ಕ್ರಿಪ್ಟ್ ತೆರೆಯಬಹುದು, ತಿದ್ದಬಹುದು, ಮತ್ತೆ ಉಳಿಸಿ ಮುಂದಿನವರಿಗೆ ಕಳಿಸಬಹುದು. ಪ್ಲೇಯರ್ ಎಂಬ ಬೇರೆ ಪ್ರತಿಯನ್ನು ಇದಕ್ಕೆ ಮಾಡಿಲ್ಲ.